ಬೆಲೆ ಹೇಳುವವರು, ಹೊಣೆ ಹೊರುವವರು

ಇಬ್ಬರು ಮಾತಾಡುತ್ತಿದ್ದಾರೆ. ಚಿಕ್ಕಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ವರ್ಷಗಟ್ಟಲೆ ಟೈಲರ್ ಆಗಿ ದುಡಿದು ಈಗ ಮಂಡ್ಯ ಸೀಮೆಯ ತಮ್ಮ ಊರಿನಲ್ಲಿದ್ದಾರೆ. ಮಗ ಅವರ ಅಕ್ಕನ ಮಗ. ವಿದೇಶಿ ಬ್ರ್ಯಾಂಡ್‌ಗಳಿಗಾಗಿ ಕಾರ್ಖಾನೆಗಳನ್ನು ಆಡಿಟ್ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ.

ಮಗ: ಚಿಕ್ಕಮ್ಮ, ನೀನು ದುಡಿದ ಕಾಲಕ್ಕೂ ಈಗಿನದಕ್ಕೂ ತುಂಬಾ ವ್ಯತ್ಯಾಸ ಇದೆ. ಆಡಿಟ್ ಆಗದ ಕಾರ್ಖಾನೆಗೆ ದೊಡ್ಡ ಬ್ರ್ಯಾಂಡ್‌ಗಳು ಆರ್ಡರ್ರೇ ಕೊಡಲ್ಲ. ನಾವು ಹೋಗಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಪಿಎಫ್, ಇಎಸ್‌ಐ, ತುರ್ತು ಬಾಗಿಲು, ಮಕ್ಕಳ ಕ್ರೆಷ್, ಶೌಚಾಲಯ ಎಲ್ಲಾ ನೋಡ್ತೀವಿ. ಕೆಲಸದವರನ್ನ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳ್ತೀವಿ. ತಪ್ಪಿದ್ದರೆ ಬರೀತೀವಿ, ಸರಿಮಾಡೋಕೆ ಗಡುವು ಕೊಡ್ತೀವಿ.

ಚಿಕ್ಕಮ್ಮ: ನನ್ನನ್ನೂ ಹಾಗೇ ಕೂರಿಸಿಕೊಂಡು ಕೇಳಿದ್ರು ಕಣೋ. ಹಿಂದಿನ ದಿನವೇ ಸೂಪರ್‌ವೈಸರ್ ಒಂದೊಂದು ಬ್ಯಾಚಿಗೂ ಬಂದು, ಏನು ಹೇಳಬೇಕು ಅಂತ ಪಾಠ ಒಪ್ಪಿಸಿಕೊಂಡಿದ್ದ. ಬೈತಾರಾ ಅಂತ ಕೇಳಿದ್ರೆ ಇಲ್ಲ ಅನ್ನಬೇಕು. ದುಡ್ಡು ಕೊಡದೆ ಓಟಿ ಮಾಡಿಸ್ತಾರಾ ಅಂದ್ರೆ ಇಲ್ಲ ಅನ್ನಬೇಕು. ಅವತ್ತು ಬೆಳಿಗ್ಗೆ ಎಲ್ಲರಿಗೂ ಹೊಸ ಮಾಸ್ಕು, ಮಿಷನ್ನಿಗೆಲ್ಲ ನೀಡಲ್ ಗಾರ್ಡು. ಬಾಗಿಲಿಗೆ ಅಡ್ಡ ಪೇರಿಸಿದ್ದ ಬಟ್ಟೆ ಗಂಟುಗಳೆಲ್ಲ ಗೋಡೌನ್ ಸೇರಿದ್ದವು. ಆಡಿಟಿನವರ ಕಾರು ಗೇಟು ದಾಟಿದ ಮೇಲೆ ಗಂಟು ತಿರುಗಾ ಬಾಗಿಲ ಹತ್ತಿರ ಬಂತು.

ಮಗ: ಅಂಥಾ ಕಾರ್ಖಾನೆಗಳಿವೆ, ಇಲ್ಲ ಅನ್ನಲ್ಲ. ಅದಕ್ಕೇ ಈಗ ಹೇಳದೇ ಕೇಳದೇ ಹೋಗೋ ಆಡಿಟ್ಟೂ ಇದೆ. ಮೋಸ ಮಾಡೋ ಮಾಲೀಕನನ್ನ ಹಿಡೀಬೇಕು ತಾನೇ?

ಚಿಕ್ಕಮ್ಮ: ಹಿಡಿ. ಆದರೆ ಅವನು ಯಾಕೆ ಮೋಸ ಮಾಡ್ತಾನೆ ಅಂತ ಒಂದು ಸಲ ಕೇಳಿದ್ದೀಯಾ? ಒಂದು ಶರ್ಟಿಗೆ ಇಷ್ಟು ರೇಟು ಅಂತ ಹೇಗೆ ಗೊತ್ತುಮಾಡ್ತಾರೆ? ನಾನು ಸಾವಿರಾರು ಕಾಲರ್ ಹೊಲಿದಿದ್ದೀನಿ, ಅದು ಮಾತ್ರ ನನಗೆ ಯಾರೂ ಹೇಳಲಿಲ್ಲ.

ಮಗ: ಬ್ರ್ಯಾಂಡಿನವರು ಡಿಸೈನ್ ಕಳಿಸಿ ನಾಲ್ಕಾರು ಕಡೆ ರೇಟು ಕೇಳ್ತಾರೆ. ಇಲ್ಲಿ, ತಿರುಪ್ಪೂರಿನಲ್ಲಿ, ಢಾಕಾದಲ್ಲಿ, ವಿಯೆಟ್ನಾಂನಲ್ಲಿ. ಬಟ್ಟೆ ಯಾವ ಮಿಲ್ಲಿನದು, ಗುಂಡಿ ಯಾರದು ಅಂತ ಎಷ್ಟೋ ಸಲ ಅವರೇ ತೀರ್ಮಾನ ಮಾಡಿರ್ತಾರೆ, ಹಾಗಾಗಿ ಅದರಲ್ಲಿ ಉಳಿಸೋ ಹಾಗಿಲ್ಲ. ಕರೆಂಟು, ಬಾಡಿಗೆ, ಬ್ಯಾಂಕಿನ ಬಡ್ಡಿ ಕಾರ್ಖಾನೆಯವನ ಮಾತು ಕೇಳಲ್ಲ. ಕೊನೆಗೆ ಅವನ ಕೈಯಲ್ಲಿ ಉಳಿಯೋದು ಹೊಲಿಗೆಯ ನಿಮಿಷ. ಒಂದು ಶರ್ಟಿಗೆ ಇಷ್ಟು ನಿಮಿಷ ಅಂತ ಲೆಕ್ಕ ಇರುತ್ತೆ. ಆ ನಿಮಿಷ ಇಳಿಸಿದವನಿಗೆ ಆರ್ಡರ್ ಸಿಗುತ್ತೆ.

ಚಿಕ್ಕಮ್ಮ: ಆ ನಿಮಿಷ ಇಳಿಸಿದ್ದು ನಮ್ಮ ಬೆನ್ನ ಮೇಲೆ. ಸ್ಟಾಪ್‌ವಾಚ್ ಹಿಡಿದುಕೊಂಡು ಒಬ್ಬ ಹುಡುಗ ಹಿಂದೆ ನಿಲ್ಲೋನು. ಎಲ್ಲರಿಗಿಂತ ಬೇಗ ಹೊಲಿಯೋಳನ್ನ ನೋಡಿ, ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆಯೋನು. ಅವತ್ತಿನಿಂದ ಎಲ್ಲರಿಗೂ ಅದೇ ಟಾರ್ಗೆಟ್. ಜ್ವರ ಬಂದಿರಲಿ, ಮುಟ್ಟಾಗಿರಲಿ, ಮಗು ಆಸ್ಪತ್ರೆಯಲ್ಲಿರಲಿ, ಬೋರ್ಡಿನ ಮೇಲಿನ ಅಂಕಿ ಇಳಿಯಲ್ಲ. ನೀರು ಕುಡಿದ್ರೆ ಶೌಚಕ್ಕೆ ಏಳಬೇಕಾಗುತ್ತೆ ಅಂತ ನೀರೇ ಕುಡಿಯದೆ ಕೂತವರಿದ್ದರು. ಪೀಸು ಕಮ್ಮಿ ಬಂದ್ರೆ ಎಲ್ಲರ ಮುಂದೆ ಬೈಗುಳ. ಬಯ್ಯೋ ಸೂಪರ್‌ವೈಸರೂ ನನ್ನ ಹಾಗೇ ಟೈಲರ್ ಆಗಿ ಬಂದವನು. ಅವನನ್ನ ಫ್ಲೋರ್ ಇನ್‌ಚಾರ್ಜ್ ಬಯ್ಯೋನು, ಇನ್‌ಚಾರ್ಜನ್ನ ಮ್ಯಾನೇಜರ್. ಮ್ಯಾನೇಜರಿಗೆ ಯಾರಿಂದ ಫೋನ್ ಬರ್ತಿತ್ತು ಅಂತ ನೀನೀಗ ಹೇಳಿದೆ. ಆ ರೇಟು ನೀನು ಬರೆಯೋ ರಿಪೋರ್ಟಿನಲ್ಲಿ ಎಲ್ಲಿರುತ್ತೆ?

ಮಗ: ಇರಲ್ಲ. ನಮ್ಮ ಫಾರಂನಲ್ಲಿ ಆ ಕಾಲಮ್ಮೇ ಇಲ್ಲ. ಕಾರ್ಖಾನೆ ಕನಿಷ್ಠ ವೇತನ ಕೊಟ್ಟಿದೆಯಾ ಅಂತ ನೋಡ್ತೀವಿ. ಅದನ್ನ ಕೊಡೋಕೆ ಸಾಲುವಷ್ಟು ರೇಟನ್ನ ಬ್ರ್ಯಾಂಡ್ ಕೊಟ್ಟಿದೆಯಾ ಅಂತ ಕೇಳೋ ಅಧಿಕಾರ ನಮಗಿಲ್ಲ.

ಚಿಕ್ಕಮ್ಮ: ಹಾಗಾದ್ರೆ ನೀವು ತಪಾಸಣೆ ಮಾಡೋದು ಒಬ್ಬರನ್ನ, ಕಾರಣ ಆಗಿರೋರು ಇನ್ನೊಬ್ಬರು.

ಮಗ: ಪೂರ್ತಿ ಹಾಗೂ ಅಲ್ಲ. ಆದರೆ ನಿನ್ನ ಮಾತಲ್ಲಿ ಹುರುಳಿದೆ, ಅದಕ್ಕೆ ನಾನೇ ಒಂದು ಉದಾಹರಣೆ ಕೊಡ್ತೀನಿ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಅನ್ನೋ ಗಾರ್ಮೆಂಟ್ಸ್‌ನಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಸರಳು, ಬಾಗಿಲುಗಳಿಗೆ ಬೀಗ. ಅದಕ್ಕೆ ಕೆಲವೇ ವಾರ ಮುಂಚೆ ಆ ಕಾರ್ಖಾನೆಗೆ ಎಸ್‌ಎ 8000 ಅನ್ನೋ ಪ್ರಮಾಣಪತ್ರ ಸಿಕ್ಕಿತ್ತು. ಕೆಲಸಗಾರರನ್ನ ಚೆನ್ನಾಗಿ ನೋಡಿಕೊಳ್ಳೋ ಕಾರ್ಖಾನೆ ಅಂತ ಜಗತ್ತಿಗೆ ಹೇಳೋ ಪತ್ರ ಅದು. ಮುಂದಿನ ವರ್ಷ, 2013ರ ಏಪ್ರಿಲ್ 24ರಂದು ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. ಎಂಟು ಮಹಡಿ, ಒಳಗೆ ಐದು ಗಾರ್ಮೆಂಟ್ಸ್. 1134 ಜನ ಸತ್ತರು. ಅಲ್ಲಿನ ಕೆಲವು ಕಾರ್ಖಾನೆಗಳಿಗೂ ಆಡಿಟ್ ಆಗಿತ್ತು.

ಚಿಕ್ಕಮ್ಮ: ಅದನ್ನ ಟಿವಿಯಲ್ಲಿ ನೋಡಿದ್ದೆ. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತಲ್ವಾ?

ಮಗ: ಹೌದು. ಬಿರುಕು ನೋಡಿ ಕೆಳಗಿನ ಮಹಡಿಯ ಬ್ಯಾಂಕಿನವರು ಸಿಬ್ಬಂದೀನ ಮನೆಗೆ ಕಳಿಸಿದ್ದರು, ಅಂಗಡಿಗಳೂ ಮುಚ್ಚಿದ್ದವು. ಗಾರ್ಮೆಂಟ್ಸ್‌ನವರನ್ನ ಮಾತ್ರ ಬೆಳಿಗ್ಗೆ ಒಳಗೆ ಕರೆಸಿಕೊಂಡರು. ಬರದಿದ್ದರೆ ತಿಂಗಳ ಸಂಬಳ ತಡೀತೀವಿ ಅಂದರು.

ಚಿಕ್ಕಮ್ಮ: ಒಂದೇ ಕಟ್ಟಡ, ಒಂದೇ ಬಿರುಕು. ಬ್ಯಾಂಕಿನ ಗುಮಾಸ್ತ ಮನೆಗೆ ಹೋಗಬಹುದು, ಹೊಲಿಯೋ ಹೆಂಗಸು ಹೋಗೋ ಹಾಗಿಲ್ಲ. ಅವರು ದಡ್ಡರಾಗಿ ಒಳಗೆ ಹೋಗಲಿಲ್ಲ ಮಗ. ಹಡಗು ಹೊರಡೋ ತಾರೀಕಿಗೆ ಸರಕು ರೆಡಿ ಇಲ್ಲ ಅಂದ್ರೆ ಬ್ರ್ಯಾಂಡಿನವರು ಕಾರ್ಖಾನೆಗೆ ರೇಟು ಮುರೀತಾರೆ, ಕಾರ್ಖಾನೆಯವರು ನಮಗೆ ಸಂಬಳ ಮುರೀತಾರೆ. ಆ ತಿಂಗಳ ಮನೆ ಬಾಡಿಗೆ ಕಣ್ಣ ಮುಂದೆ ಇದ್ದಾಗ ಬಿರುಕು ಕಂಡರೂ ಕಾಲು ಒಳಗೆ ಹೋಗುತ್ತೆ. ಆಮೇಲೆ ಅಲ್ಲಿ ಏನಾದ್ರೂ ಬದಲಾಯ್ತಾ?

ಮಗ: ಬದಲಾಯ್ತು. ನೀನು ಇದನ್ನ ತಿಳಿದುಕೊಳ್ಳಬೇಕು. ಕುಸಿದ ಕೆಲವೇ ವಾರಗಳಲ್ಲಿ, 2013ರ ಮೇ ತಿಂಗಳಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳೂ ಬ್ರ್ಯಾಂಡ್‌ಗಳೂ ಸೇರಿ ಬಾಂಗ್ಲಾದೇಶ ಅಕಾರ್ಡ್ ಅಂತ ಒಂದು ಒಪ್ಪಂದ ಮಾಡಿಕೊಂಡವು. ಆಮೇಲೆ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಹಾಕಿದವು. ಸುಮಾರು 1600 ಕಾರ್ಖಾನೆಗಳನ್ನ ಎಂಜಿನಿಯರ್‌ಗಳು ಪರೀಕ್ಷೆ ಮಾಡಿದರು. ವರದಿಯನ್ನ ಎಲ್ಲರೂ ಓದೋ ಹಾಗೆ ಪ್ರಕಟ ಮಾಡಿದರು. ಮೇಲ್ವಿಚಾರಣೆ ಸಮಿತಿಯಲ್ಲಿ ಬ್ರ್ಯಾಂಡ್‌ನವರಷ್ಟೇ ಯೂನಿಯನ್‌ನವರು. ಎಲ್ಲಕ್ಕಿಂತ ಮುಖ್ಯ, ರಿಪೇರಿ ಮಾಡೋಕೆ ಕಾರ್ಖಾನೆಗೆ ದುಡ್ಡು ಸಾಲೋ ಹಾಗೆ ನೋಡಿಕೊಳ್ಳೋದು ಬ್ರ್ಯಾಂಡಿನ ಹೊಣೆ ಅಂತ ಬರೆದರು. ತಪ್ಪಿದರೆ ಪಂಚಾಯ್ತಿಗೆ, ಅಂದರೆ ಮಧ್ಯಸ್ಥಿಕೆಗೆ ಎಳೆಯಬಹುದು. ಎಳೆದೂ ಎಳೆದರು. 2018ರಲ್ಲಿ ಒಂದು ದೊಡ್ಡ ಬ್ರ್ಯಾಂಡ್ 23 ಲಕ್ಷ ಡಾಲರ್ ಕೊಟ್ಟು ಒಂದು ಮೊಕದ್ದಮೆ ಮುಗಿಸಿಕೊಂಡಿತು.

ಚಿಕ್ಕಮ್ಮ: ನೀನು ಮಾಡೋ ಆಡಿಟ್ಟಿಗೂ ಅದಕ್ಕೂ ವ್ಯತ್ಯಾಸ ಏನು ಅಂತ ನೀನೇ ಹೇಳಿಬಿಟ್ಟೆ. ನಿನ್ನ ರಿಪೋರ್ಟು ಬ್ರ್ಯಾಂಡಿನ ಬೀರುವಿಗೆ ಹೋಗುತ್ತೆ. ಅದು ಊರವರ ಕಣ್ಣಿಗೆ ಬಿತ್ತು. ನಿನ್ನ ರಿಪೋರ್ಟಿನಲ್ಲಿ ತಪ್ಪು ಸಿಕ್ಕಿದ್ರೆ ಕಾರ್ಖಾನೆಗೆ ಪೆಟ್ಟು. ಅಲ್ಲಿ ಸಹಿ ಹಾಕಿದವನಿಗೂ ಪೆಟ್ಟು.

ಮಗ: ಒಪ್ಪಿದೆ. ಆದರೆ ನನ್ನ ಭಯವನ್ನೂ ಕೇಳು. ಬ್ರ್ಯಾಂಡ್‌ಗಳ ಮೇಲೆ ಹೊಣೆ ಹೇರ್ತಾ ಹೋದರೆ ಅವರು ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ದೇಶಕ್ಕೆ ಹೋಗ್ತಾರೆ. ಬೆಂಗಳೂರಿನಲ್ಲಿ ಖರ್ಚು ಜಾಸ್ತಿ ಅಂತ ಕಾರ್ಖಾನೆಗಳು ಸಣ್ಣ ಊರುಗಳಿಗೆ ಹೋದವು. ಒಡಿಶಾ, ಜಾರ್ಖಂಡಿನ ಹುಡುಗಿಯರನ್ನ ಕರೆತಂದು ಹಾಸ್ಟೆಲ್‌ನಲ್ಲಿಟ್ಟು ದುಡಿಸ್ತಿದ್ದಾರೆ. ಕೆಲಸವೇ ಹೋದಮೇಲೆ ಹಕ್ಕು ಇಟ್ಟುಕೊಂಡು ಏನು ಮಾಡ್ತೀಯಾ?

ಚಿಕ್ಕಮ್ಮ: ಆ ಭಯ ನನಗೂ ಗೊತ್ತು. ದುಡಿಯೋಕೆ ಸೇರಿದ ದಿನದಿಂದ ಅದೇ ಮಾತು ಕಿವಿಗೆ ಬಿದ್ದಿದೆ. ಬಾಯಿ ಮಾಡಿದ್ರೆ ಆರ್ಡರ್ ಬಾಂಗ್ಲಾಕ್ಕೆ ಹೋಗುತ್ತೆ ಅನ್ನೋರು. ಸರಿ, ಬಾಂಗ್ಲಾದಲ್ಲೇ ಆ ಒಪ್ಪಂದ ಆಯ್ತಲ್ಲ, ಅಲ್ಲಿಂದ ಆರ್ಡರ್ ಓಡಿಹೋಯ್ತಾ?

ಮಗ: ಇಲ್ಲ. 2012-13ರಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿನ ರಫ್ತು ಸುಮಾರು 2150 ಕೋಟಿ ಡಾಲರ್ ಇತ್ತು. 2018-19ರ ಹೊತ್ತಿಗೆ ಸುಮಾರು 3400 ಕೋಟಿ ಆಯ್ತು.

ಚಿಕ್ಕಮ್ಮ: ಗಟ್ಟಿ ಗೋಡೆ ಕಟ್ಟಿಸಿದರೂ ವ್ಯಾಪಾರ ಬೆಳೆದಿದೆ. ಯಾಕೆ ಅಂದ್ರೆ ಅಲ್ಲಿ ಒಬ್ಬ ಮಾಲೀಕನ ಕತ್ತು ಹಿಡಿಯಲಿಲ್ಲ, 200 ಬ್ರ್ಯಾಂಡ್‌ಗಳಿಗೂ ಒಂದೇ ನಿಯಮ. ಒಬ್ಬನಿಗೇ ಹೊಣೆ ಅಂದ್ರೆ ಅವನು ಪಕ್ಕದವನನ್ನ ತೋರಿಸಿ ಓಡ್ತಾನೆ. ಎಲ್ಲರಿಗೂ ಅಂದ್ರೆ ಓಡೋಕೆ ಜಾಗ ಕಮ್ಮಿ. ಇನ್ನು ನಮ್ಮ ರಾಜ್ಯದ ಕತೆ ಹೇಳ್ತೀನಿ ಕೇಳು. 417 ರೂಪಾಯಿಯ ಕತೆ.

ಮಗ: ತುಟ್ಟಿಭತ್ಯೆಯದ್ದಾ?

ಚಿಕ್ಕಮ್ಮ: ಅದೇ. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ಮೇಲೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ದಿನಕ್ಕೆ ಲೆಕ್ಕ ಹಾಕಿದ್ರೆ 16 ರೂಪಾಯಿ. ಬೆಲೆ ಏರಿದ್ದಕ್ಕೆ ಅಷ್ಟಾದ್ರೂ ಇರಲಿ ಅಂತ ಇರೋ ನಿಯಮ ಅದು. ಕೊರೊನಾ ಅಂತ ಸರ್ಕಾರ ಅದನ್ನ ಮುಂದೂಡಿತು. ನಮ್ಮ ಮನೆಯ ಅಕ್ಕಿ ಬೇಳೆ ಏನೂ ಮುಂದಕ್ಕೆ ಹೋಗಲಿಲ್ಲ. ಯೂನಿಯನ್‌ನವರು ಕೋರ್ಟಿಗೆ ಹೋದರು. 2020ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಕೊಡಬೇಕು ಅಂತು. ಆದರೂ ಕೊಡಲಿಲ್ಲ.

ಮಗ: ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಬಾಕಿ ಇತ್ತು ಅಂತ ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ವರದಿ ಮಾಡಿತು. ಅಷ್ಟೂ ಕಾಲ ಈ ಕಾರ್ಖಾನೆಗಳಲ್ಲಿ ಆಡಿಟ್ ನಡೀತಾನೇ ಇತ್ತು, ಬ್ರ್ಯಾಂಡ್‌ಗಳು ಬಟ್ಟೆ ಕೊಳ್ತಾನೇ ಇದ್ದವು.

ಚಿಕ್ಕಮ್ಮ: ಕೊನೆಗೆ ಯಾವಾಗ ಕೊಟ್ಟರು? 2021ರ ಕೊನೆಗೆ ಹೊರದೇಶದ ಪತ್ರಿಕೆಗಳಲ್ಲಿ ಬ್ರ್ಯಾಂಡ್‌ಗಳ ಹೆಸರು ಬಂತು. ಅವರು ಇಲ್ಲಿಗೆ ಫೋನ್ ಮಾಡಿದರು. 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡೋಕೆ ಒಪ್ಪಿದವು. ಇಷ್ಟರಲ್ಲಿ ಕೆಲಸ ಬಿಟ್ಟು ಊರು ಸೇರಿದವರು ಎಷ್ಟೋ ಜನ. ನೋಡು, ಸರ್ಕಾರದ ನಿಯಮ ಇತ್ತು, ಹೈಕೋರ್ಟಿನ ಮಾತಿತ್ತು, ಅಷ್ಟಿದ್ದೂ ಸಿಗದ ದುಡ್ಡು ಬ್ರ್ಯಾಂಡಿನವರ ಒಂದು ಮಾತಿಗೆ ಸಿಕ್ಕಿತು. ಅಂದ್ರೆ ಅಧಿಕಾರ ಎಲ್ಲಿತ್ತು?

ಮಗ: ಬ್ರ್ಯಾಂಡ್‌ಗಳ ಹತ್ತಿರ.

ಚಿಕ್ಕಮ್ಮ: ಅಧಿಕಾರ ಅವರ ಹತ್ತಿರ ಇದ್ರೆ ಹೊಣೆಯೂ ಅವರ ಹತ್ತಿರ ಇರಬೇಕು. ಮರ್ಯಾದೆಗೆ ಅಂಜಿ ಮಾಡಿದ್ದು ಬೇರೆ, ಮಾಡಲೇಬೇಕು ಅಂತ ಮಾಡೋದು ಬೇರೆ. ಮುಂದಿನ ಸಲ ಪತ್ರಿಕೆಯಲ್ಲಿ ಬರದಿದ್ರೆ?

ಮಗ: ಬ್ರ್ಯಾಂಡಿನವರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಾರೆ. ನಾವು ಗಿರಾಕಿಗಳು, ಕಾರ್ಖಾನೆ ನಮ್ಮದಲ್ಲ, ಅಲ್ಲಿ ದುಡಿಯೋರು ನಮ್ಮ ನೌಕರರಲ್ಲ ಅಂತಾರೆ. ಕಾನೂನಿನ ಪ್ರಕಾರ ಅದು ನಿಜ.

ಚಿಕ್ಕಮ್ಮ: ಗಿರಾಕಿ ಅಂದ್ರೆ ಅಂಗಡಿಯಲ್ಲಿ ಇದ್ದದ್ದನ್ನ ಕೊಂಡು ಹೋಗೋನು. ಇವರು ಹಾಗಾ? ನೂಲು ಯಾವುದು, ಒಂದು ಇಂಚಿಗೆ ಎಷ್ಟು ಹೊಲಿಗೆ, ಯಾವ ದಿನ ಬಾಕ್ಸು ಕಟ್ಟಬೇಕು ಎಲ್ಲಾ ಅವರದೇ. ಫ್ಲೋರಿನಲ್ಲಿ ಅವರ ಕಡೆಯ ಕ್ವಾಲಿಟಿಯವರು ಬಂದು ನಿಲ್ಲೋರು. ಒಂದು ದಾರ ಹೊರಗೆ ಕಂಡ್ರೆ ಪೀಸು ವಾಪಸ್. ದಾರದ ತನಕ ಕಣ್ಣಿಡೋರು ಅದನ್ನ ಹೊಲಿದೋಳ ಸಂಬಳ ಕಾಣಲ್ಲ ಅಂದ್ರೆ ನಾನು ಒಪ್ಪಲ್ಲ. 2020ರ ಮಾರ್ಚಿನಲ್ಲಿ ಹೊಲಿದು ಮುಗಿಸಿದ ಸರಕನ್ನೂ ಬೇಡ ಅಂದವರಿದ್ದಾರೆ. ಅವತ್ತು ಕಾರ್ಖಾನೆಯವನು ಅವರನ್ನ ಏನೂ ಮಾಡೋಕಾಗಲಿಲ್ಲ. ನಮ್ಮನ್ನ ಮನೆಗೆ ಕಳಿಸಿದ.

ಮಗ: ಕಾನೂನಿನಲ್ಲಿ ಇದಕ್ಕೊಂದು ಬೀಜ ಆಗಲೇ ಇದೆ ಚಿಕ್ಕಮ್ಮ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು ಅಂತಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಕೆಲಸ ಯಾರಿಗೋಸ್ಕರ ನಡೀತಿದೆಯೋ ಅವರು ಕೈ ತೊಳೆದುಕೊಳ್ಳೋ ಹಾಗಿಲ್ಲ ಅನ್ನೋದು ಅದರ ತಿರುಳು. ಆದರೆ ಅದು ಕಾರ್ಖಾನೆಯ ಗೇಟಿನ ತನಕ ಮಾತ್ರ. ಗೇಟಿನಾಚೆ ಇರೋ ಬ್ರ್ಯಾಂಡನ್ನ ಮುಟ್ಟಲ್ಲ.

ಚಿಕ್ಕಮ್ಮ: ಮುಟ್ಟೋ ಹಾಗೆ ಮಾಡಬೇಕು.

ಮಗ: ಅವರು ಬೇರೆ ದೇಶದಲ್ಲಿದ್ದಾರಲ್ಲ. ಆದರೆ ಅಲ್ಲೂ ಈ ಯೋಚನೆ ಶುರುವಾಗಿದೆ. ಫ್ರಾನ್ಸ್ 2017ರಲ್ಲಿ, ರಾಣಾ ಪ್ಲಾಜಾದ ಪಾಠ ಕಲಿತು, ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸೋ ಕಡೆ ಆಗೋ ಅನ್ಯಾಯಕ್ಕೂ ಎಚ್ಚರ ವಹಿಸಬೇಕು ಅಂತ ಕಾಯ್ದೆ ಮಾಡಿತು. ಜರ್ಮನಿಯಲ್ಲಿ ಅಂಥದ್ದೇ ಕಾಯ್ದೆ 2023ರಿಂದ ಜಾರಿಗೆ ಬಂತು. 2024ರಲ್ಲಿ ಯುರೋಪಿಯನ್ ಒಕ್ಕೂಟವೂ ಒಂದು ನಿರ್ದೇಶನ ಹೊರಡಿಸಿತು. ಜಾರಿಯಾಗೋ ಮೊದಲೇ ಅದನ್ನ ಸಡಿಲ ಮಾಡಿ ಅಂತ ಕಂಪನಿಗಳ ಒತ್ತಡ ಬಿದ್ದು, ಗಡುವು ಮುಂದಕ್ಕೆ ಹೋಗಿದೆ.

ಚಿಕ್ಕಮ್ಮ: ಕಂಪನಿಗಳು ಒತ್ತಡ ಹಾಕದೇ ಇರ್ತಾವಾ? ಅವರು ಒಟ್ಟಾಗಿ ಹೋಗಿ ಕೇಳ್ತಾರೆ. ನಾವು ಒಟ್ಟಾದ್ರೆ ಮಾತ್ರ ಗಲಾಟೆ ಅಂತ ಹೆಸರು. 2016ರ ಏಪ್ರಿಲ್ ನೆನಪಿದೆಯಾ?

ಮಗ: ಪಿಎಫ್ ಹೋರಾಟ. ಹೊಸೂರು ರಸ್ತೆಯಲ್ಲಿ ಬಸ್ಸು ನಿಂತುಹೋಗಿದ್ದವು.

ಚಿಕ್ಕಮ್ಮ: ಮಾಲೀಕರ ಪಾಲಿನ ಪಿಎಫ್ ದುಡ್ಡನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ದೆಹಲಿಯಲ್ಲಿ ಒಂದು ಆದೇಶ ಮಾಡಿದರು. ಗಾರ್ಮೆಂಟ್ಸ್‌ನಲ್ಲಿ 58 ವರ್ಷದ ತನಕ ಯಾರನ್ನ ಇಟ್ಟುಕೊಳ್ತಾರೆ ಹೇಳು. ನಲವತ್ತಕ್ಕೇ ಕಣ್ಣು ಮಂಜು, ಸೊಂಟ ನೋವು. ಐದು ವರ್ಷ ಒಂದೇ ಕಡೆ ಇದ್ರೆ ಗ್ರಾಚ್ಯುಟಿ ಕೊಡಬೇಕಾಗುತ್ತೆ ಅಂತ ಅದಕ್ಕೆ ಮೊದಲೇ ಬಿಡಿಸೋರು. ಮಗಳ ಮದುವೆ, ಮಗನ ಫೀಸು, ಗಂಡನ ಆಪರೇಷನ್, ಎಲ್ಲಕ್ಕೂ ಇದ್ದದ್ದು ಆ ದುಡ್ಡೊಂದೇ. ಸುದ್ದಿ ಮಿಷನ್ನಿನಿಂದ ಮಿಷನ್ನಿಗೆ ಹೋಯ್ತು. ಏಪ್ರಿಲ್ 18ಕ್ಕೆ ಬೊಮ್ಮನಹಳ್ಳಿಯಲ್ಲಿ ರಸ್ತೆಗೆ ಇಳಿದರು, ಮಾರನೇ ದಿನ ಊರ ತುಂಬಾ. ಯಾವ ಲೀಡರೂ ಕರೆದಿರಲಿಲ್ಲ. 19ನೇ ತಾರೀಕು ಸಂಜೆ ಹೊತ್ತಿಗೆ ಕೇಂದ್ರ ಸರ್ಕಾರ ಆದೇಶ ವಾಪಸ್ ತಗೊಂಡಿತು. ಅದರಿಂದ ಲಾಭ ಆದದ್ದು ನಮಗೆ ಮಾತ್ರ ಅಲ್ಲ, ಇಡೀ ದೇಶದಲ್ಲಿ ಪಿಎಫ್ ಇರೋ ಎಲ್ಲರಿಗೂ.

ಮಗ: ಆದರೆ ಅವತ್ತು ಪೊಲೀಸ್ ಸ್ಟೇಷನ್ ಮೇಲೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಲಾಠಿ ಏಟು ತಿಂದವರು, ಕೇಸು ಹಾಕಿಸಿಕೊಂಡವರೂ ಇದ್ದರು. ಅದು ದಾರಿಯಾ?

ಚಿಕ್ಕಮ್ಮ: ಅಲ್ಲ. ಬೆಂಕಿ ಹಚ್ಚಿದ್ದನ್ನ ನಾನು ಸಮರ್ಥಿಸಲ್ಲ. ಆದರೆ ಕಾರ್ಖಾನೆಯೊಳಗೆ ಮಾತಾಡೋಕೆ ಒಂದು ಜಾಗ ಇದ್ದಿದ್ರೆ ಲಕ್ಷ ಜನ ರಸ್ತೆಗೆ ಯಾಕೆ ಬರ್ತಿದ್ರು? ಯೂನಿಯನ್ ಸೇರಿದ್ದು ಗೊತ್ತಾದ್ರೆ ಬೇರೆ ಬ್ಯಾಚಿಗೆ ಹಾಕೋರು, ಆಗದ ಟಾರ್ಗೆಟ್ ಕೊಡೋರು, ಅವಳಾಗೇ ಬಿಟ್ಟು ಹೋಗೋ ಹಾಗೆ ಮಾಡೋರು. ಬಾಯಿ ಕಟ್ಟಿದ ಕಡೆ ಮಾತು ಒಂದು ದಿನ ಹೀಗೇ ಒಡೆದು ಬರುತ್ತೆ. ಕೋಲಾರದ ನರಸಾಪುರದಲ್ಲಿ 2020ರಲ್ಲಿ ಆಗಿದ್ದೂ ಅದೇ ಅಲ್ವಾ?

ಮಗ: ಹೌದು. ಐಫೋನ್ ಜೋಡಿಸೋ ವಿಸ್ಟ್ರಾನ್ ಕಾರ್ಖಾನೆ. ಡಿಸೆಂಬರ್ 12ರಂದು ಗಲಭೆ ಆಯ್ತು. ಅಲ್ಲಿ ಹೆಚ್ಚಿನವರು ಗುತ್ತಿಗೆ ಕಂಪನಿಗಳ ಮೂಲಕ ಬಂದವರು. ಸಂಬಳ ಸರಿಯಾಗಿ ಬಂದಿಲ್ಲ ಅನ್ನೋ ದೂರು ಮೊದಲೇ ಇತ್ತು. ಆಮೇಲೆ ವಿಸ್ಟ್ರಾನ್ ಕೆಲವರಿಗೆ ಸರಿಯಾಗಿ ಸಂಬಳ ಸಿಕ್ಕಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಸರಿಪಡಿಸೋ ತನಕ ಹೊಸ ಕೆಲಸ ಕೊಡಲ್ಲ ಅಂತ ಆ್ಯಪಲ್ ಹೇಳಿತು. ಗಲಭೆಗೆ ಮುಂಚೆ ಆ ದೂರು ಕೇಳೋ ಕಿವಿ ಇದ್ದಿದ್ದರೆ ಎರಡೂ ಕಡೆಯವರು ಬಚಾವಾಗ್ತಿದ್ದರು.

ಚಿಕ್ಕಮ್ಮ: ಅದೇ ವರ್ಷ ಜೂನಿನಲ್ಲಿ ನಮ್ಮ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಮುಚ್ಚೋಕೆ ಹೊರಟರಲ್ಲ, ಸುಮಾರು 1200 ಜನ. ಅಲ್ಲಿ ಯೂನಿಯನ್ ಇತ್ತು. ಕಾರ್ಖಾನೆ ಮುಂದೆ ಕೂತರು. ಹೊರಗಿನ ಸಂಘಟನೆಗಳು ಬ್ರ್ಯಾಂಡನ್ನ ಕೇಳಿದವು. ಕಲ್ಲು ಬೀಳಲಿಲ್ಲ. ಮುಂದಿನ ವರ್ಷ ಕೆಲಸ ವಾಪಸ್ ಕೊಡೋ ಒಪ್ಪಂದಕ್ಕೆ ಬಂದರು. ಯೂನಿಯನ್ ಇದ್ದ ಕಡೆಗೂ ಇಲ್ಲದ ಕಡೆಗೂ ಇರೋ ವ್ಯತ್ಯಾಸ ಇದು. ಮಾಲೀಕರು ಇದನ್ನ ತಮ್ಮ ಒಳ್ಳೇದಕ್ಕಾದ್ರೂ ನೋಡಬೇಕು.

ಮಗ: ಆದರೆ ಈಗ ಗಾಳಿ ಬೇರೆ ಕಡೆ ಬೀಸ್ತಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಂಚೆ 100 ಜನ ಇರೋ ಕಾರ್ಖಾನೆ ಮುಚ್ಚೋಕೂ ಸರ್ಕಾರದ ಅನುಮತಿ ಬೇಕಿತ್ತು, ಈಗ 300 ಜನ ಇದ್ದರೆ ಮಾತ್ರ. ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಟ್ಟು 14 ದಿನ ಕಾಯಬೇಕು. ಉದ್ಯಮ ಬೆಳೆಯಲಿ ಅನ್ನೋದು ಸರ್ಕಾರದ ವಾದ.

ಚಿಕ್ಕಮ್ಮ: ಬೆಳೆಯಲಿ, ಯಾರು ಬೇಡ ಅಂದ್ರು? ನನಗೆ ಅನ್ನ ಕೊಟ್ಟಿದ್ದು ಗಾರ್ಮೆಂಟ್ಸೇ. ಮದುವೆಯಾದ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದಿದ್ದು ತಿಂಗಳ ಸಂಬಳ ತಂದ ಮೇಲೆ. ಅದಕ್ಕೇ ಹೇಳ್ತೀನಿ, ಆ ಕೆಲಸ ಮರ್ಯಾದೆಯಿಂದ ಉಳೀಬೇಕು. ಕಂಪನಿಗಳಿಗೆ ದಾರಿ ಅಗಲ ಮಾಡೋ ಸರ್ಕಾರ ಮೂರು ಕೆಲಸ ಮಾಡಲಿ. ಯಾವ ಕಾರ್ಖಾನೆ ಯಾವ ಬ್ರ್ಯಾಂಡಿಗೆ ಹೊಲೀತಿದೆ ಅಂತ ಎಲ್ಲರಿಗೂ ಗೊತ್ತಾಗೋ ಹಾಗೆ ಪ್ರಕಟ ಮಾಡಿಸಲಿ. ಶರ್ಟಿನ ರೇಟಿನಲ್ಲಿ ಸಂಬಳದ ಪಾಲನ್ನ ಬೇರೆ ಬರೆಸಲಿ, ಚೌಕಾಶಿ ಏನಿದ್ದರೂ ಮಿಕ್ಕಿದ್ದರಲ್ಲಿ ಮಾಡಿಕೊಳ್ಳಲಿ. ಕಾರ್ಖಾನೆ ಸಂಬಳ ಬಾಕಿ ಉಳಿಸಿದ್ರೆ ಅಲ್ಲಿ ಹೊಲಿಸಿಕೊಂಡ ಬ್ರ್ಯಾಂಡ್ ತುಂಬಿಕೊಡಬೇಕು ಅಂತ ಆರ್ಡರಿನ ಕರಾರಿನಲ್ಲೇ ಬರೀಲಿ. ಇದನ್ನೆಲ್ಲ ನೋಡೋ ಸಮಿತಿಯಲ್ಲಿ ಹೊಲಿಯೋ ಹೆಂಗಸರು ಆರಿಸಿದವರು ಕೂರಲಿ, ಮಾಲೀಕರು ಆರಿಸಿದವರಲ್ಲ.

ಮಗ: ಬರೆದ ಮಾತ್ರಕ್ಕೆ ಆಗಿಬಿಡುತ್ತಾ? ನೀನೇ ಹೇಳಿದೆ, ಹೈಕೋರ್ಟ್ ಹೇಳಿದರೂ 417 ರೂಪಾಯಿ ಬರಲಿಲ್ಲ ಅಂತ.

ಚಿಕ್ಕಮ್ಮ: ನಮ್ಮ ಕಬ್ಬಿನ ಕತೆ ನೋಡು. ಕಬ್ಬು ಅರೆದ ಫ್ಯಾಕ್ಟರಿ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು, ತಡವಾದ್ರೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆದರೂ ಬಾಕಿಗೆ ರೈತರು ಫ್ಯಾಕ್ಟರಿ ಗೇಟಿನ ಮುಂದೆ, ಡಿಸಿ ಆಫೀಸಿನ ಮುಂದೆ ಕೂತಿದ್ದಾರೆ. ಕೂತು ಕೂತು ಸಾಕಾಗಿದೆ ಅಂತ ಆ ನಿಯಮವೇ ಬೇಡ ಅಂದ ರೈತನನ್ನ ನಾನು ನೋಡಿಲ್ಲ. ನಿಯಮ ಇರೋದಕ್ಕೇ ಅವನು ಗೇಟಿನ ಮುಂದೆ ನಿಂತು ನನ್ನ ಬಾಕಿ ಕೊಡಿ ಅಂತ ಕೇಳ್ತಾನೆ, ಕೈ ಚಾಚಲ್ಲ. ಕೊಂಡವನು ಯಾರು ಅಂತ ಅವನಿಗೆ ಗೊತ್ತು, ಕೊಡಬೇಕಾದವನು ಯಾರು ಅಂತಲೂ ಗೊತ್ತು. ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಇನ್ನೂ ಅಷ್ಟೂ ಸಿಕ್ಕಿಲ್ಲ. ಅವಳು ಸೂಪರ್‌ವೈಸರನ್ನ ಕೇಳಿದ್ರೆ ಮ್ಯಾನೇಜರ್ ಅಂತಾನೆ, ಮ್ಯಾನೇಜರ್ ಮಾಲೀಕನನ್ನ ತೋರಿಸ್ತಾನೆ, ಮಾಲೀಕ ಬ್ರ್ಯಾಂಡನ್ನ ತೋರಿಸ್ತಾನೆ, ಬ್ರ್ಯಾಂಡ್ ನಾನು ಬರೀ ಗಿರಾಕಿ ಅನ್ನುತ್ತೆ. ಈ ಕೈ ತೋರಿಸೋ ಆಟಕ್ಕೆ ಒಂದು ಕೊನೆ ಇರಬೇಕು, ಆ ಕೊನೆಯಲ್ಲಿ ಒಂದು ಹೆಸರು, ಒಂದು ವಿಳಾಸ, ಒಂದು ಸಹಿ ಇರಬೇಕು. ಕಾನೂನು ಅಷ್ಟು ಮಾಡಿಕೊಡಲಿ. ಆ ಗೇಟಿನ ಮುಂದೆ ನಿಂತು ವಸೂಲಿ ಮಾಡೋ ಕೆಲಸ ನಮ್ಮದು, ಅದನ್ನ ನಾವು ಮಾಡಿ ತೋರಿಸಿದ್ದೀವಿ.

ಮಗ: ಹಾಗಾದರೆ ನನ್ನ ಪಾಲಿಗೂ ಒಂದು ಕೆಲಸ ಇದೆ. ಮುಂದಿನ ರಿಪೋರ್ಟಿನಿಂದ ಕೊನೆಯ ಪುಟದಲ್ಲಿ ಒಂದು ಸಾಲು ಸೇರಿಸ್ತೀನಿ: ಈ ಸರಕಿಗೆ ಬ್ರ್ಯಾಂಡ್ ಕೊಟ್ಟ ರೇಟನ್ನ ನಮಗೆ ತಿಳಿಸಿಲ್ಲ, ಅದು ತಿಳಿಯದೆ ಸಂಬಳದ ಬಗ್ಗೆ ನಾವು ಕೊಡೋ ತೀರ್ಪು ಅರ್ಧ ಮಾತ್ರ ಅಂತ.

ಚಿಕ್ಕಮ್ಮ: ಬರಿ. ಅವರು ಅದನ್ನ ಹೊಡೆದು ಹಾಕ್ತಾರೆ. ಮತ್ತೆ ಬರಿ. ನಿನ್ನ ಆಫೀಸಿನಲ್ಲಿ ಹಾಗೇ ಅನ್ನಿಸೋರು ಇನ್ನೂ ನಾಲ್ಕು ಜನ ಇದ್ದೇ ಇರ್ತಾರೆ, ಅವರನ್ನೂ ಸೇರಿಸಿಕೊಂಡು ಬರಿ. ಒಬ್ಬ ಬರೆದ್ರೆ ಕೆಲಸದಿಂದ ತೆಗೀತಾರೆ, ಎಲ್ಲರೂ ಬರೆದ್ರೆ ಫಾರಂ ಬದಲಾಯಿಸಬೇಕಾಗುತ್ತೆ.